ಸತ್ತವರನ್ನ ವೆಂಟಿಲೇಟರ್‌ಗೆ ಹಾಕ್ತೀರಂತೆ, ಹೌದಾ?

ಮದುವೆಮನೆಯಲ್ಲಿ ಎಲೆ ಮುಂದೆ ಕೂತಿರುತ್ತೇನೆ. ಇನ್ನೂ ಕೋಸಂಬರಿ ಬಿದ್ದಿರುತ್ತದೆ ಅಷ್ಟೇ. ಪಕ್ಕದವರು ಶುರು ಮಾಡುತ್ತಾರೆ: "ನೀವು ಐಸಿಯು ನರ್ಸ್ ಅಲ್ವಾ? ಸತ್ತವರನ್ನೂ ವೆಂಟಿಲೇಟರ್‌ಗೆ ಹಾಕಿ ಮೂರು ದಿನ ಬಿಲ್ ಮಾಡ್ತೀರಂತೆ, ಹೌದಾ?"

ಹದಿನಾಲ್ಕು ವರ್ಷದಿಂದ ಇದೇ ಪ್ರಶ್ನೆ. ಆ "ಅಂತೆ" ಇದೆಯಲ್ಲ, ಅದೇ ನನಗೆ ಮೈ ಉರಿಸುವುದು. ಕೇಳುವವರು ಯಾರೂ ಕಣ್ಣಾರೆ ಕಂಡಿರುವುದಿಲ್ಲ.

ಇಲ್ಲ, ಹಾಗೆ ಮಾಡಲು ಆಗುವುದೇ ಇಲ್ಲ. ವೆಂಟಿಲೇಟರ್ ಶ್ವಾಸಕೋಶಕ್ಕೆ ಗಾಳಿ ತಳ್ಳುತ್ತದೆ. ನಿಂತ ಹೃದಯವನ್ನು ಅದು ನಡೆಸಲಾರದು. ಎಷ್ಟು ಗಾಳಿ ತಳ್ಳಿದರೂ ಮೈ ತಣ್ಣಗಾಗುತ್ತದೆ, ಕೆಲವೇ ಗಂಟೆಯಲ್ಲಿ ದವಡೆ, ಕತ್ತು ಸೆಟೆದುಕೊಳ್ಳುತ್ತವೆ. ಮೂರು ದಿನ ಮುಚ್ಚಿಡುವುದು ಯಾರ ಕೈಲೂ ಆಗದು. ಮಿದುಳು ಸತ್ತು ಹೃದಯ ಬಡಿಯುತ್ತಿರುವುದು ಬೇರೆ ವಿಷಯ. ಅಂಗಾಂಗ ದಾನಕ್ಕಾಗಿ ಅದನ್ನು ಸಾವು ಅಂತ 1994ರ ಕಾಯ್ದೆಯೇ ಒಪ್ಪಿದೆ. ನಾಲ್ವರು ವೈದ್ಯರು ಆರು ಗಂಟೆ ಬಿಟ್ಟು ಎರಡು ಸಲ ಪರೀಕ್ಷೆ ಮಾಡಬೇಕು. ಆಗ ಮೈ ಬೆಚ್ಚಗೇ ಇರುತ್ತದೆ. ಮನೆಯವರಿಗೆ ಗೊಂದಲ ಆಗುವುದು ಸಹಜ.

ಸುಮ್ನೆ ಬಿಲ್ ಏರಿಸುವವರು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ, ಇದ್ದಾರೆ. ದುಡ್ಡು ಕಟ್ಟಿಲ್ಲ ಅಂತ ಖಾಸಗಿ ಆಸ್ಪತ್ರೆ ಹೆಣ ಕೊಡದಿದ್ದರೆ ಜಗಳ ಮಾಡಿ. 2017ರಲ್ಲಿ ತಿದ್ದುಪಡಿಯಾದ ನಮ್ಮ ರಾಜ್ಯದ ಖಾಸಗಿ ಆಸ್ಪತ್ರೆಗಳ ಕಾಯ್ದೆ (ಕೆಪಿಎಂಇ) ನಿಮ್ಮ ಪರವಾಗಿದೆ.

ನನ್ನ ನಿದ್ದೆ ಕೆಡಿಸಿದ್ದು ಬೇರೆಯೇ. ಎರಡು ವರ್ಷದ ಹಿಂದೆ ಉಬ್ಬಸದ ಅಜ್ಜ ಒಬ್ಬರು ಬಂದರು. ಮೂರನೇ ಸಲ. ಹಿಂದಿನ ಸಲ ಗಂಟಲಿನಿಂದ ವೆಂಟಿಲೇಟರ್ ಟ್ಯೂಬ್ ತೆಗೆದ ದಿನ ನನಗೇ ಹೇಳಿದ್ದರು, "ಇನ್ನೊಂದ್ಸಲ ಇದನ್ನ ಹಾಕ್ಬೇಡ ತಾಯಿ." ಈ ಸಲ ಬರುವಾಗ ಎಚ್ಚರ ಇರಲಿಲ್ಲ. ಮಗ "ಏನು ಬೇಕೋ ಎಲ್ಲಾ ಮಾಡಿ" ಅಂತ ಸಹಿ ಹಾಕಿದ. ಒಳ್ಳೆಯ ಮಗ, ದುಡ್ಡಿಗೆ ಹಿಂದೆಮುಂದೆ ನೋಡಲಿಲ್ಲ. ಮರುದಿನ ಅಜ್ಜನಿಗೆ ಎಚ್ಚರವಾಯಿತು, ಕೈ ಸೀದಾ ಟ್ಯೂಬಿಗೆ ಹೋಯಿತು. ಆ ಕೈಯನ್ನು ಮಂಚದ ಕಂಬಿಗೆ ಕಟ್ಟಿದವಳು ನಾನೇ. ಹತ್ತಿ ಸುತ್ತಿಯೇ ಕಟ್ಟಿದ್ದೆ. ಆದರೂ ಈರುಳ್ಳಿ ಸಿಪ್ಪೆಯ ಹಾಗಿದ್ದ ಆ ಚರ್ಮದ ಮೇಲೆ ಸಂಜೆಗೆ ಕೆಂಪು ಗೆರೆ ಮೂಡಿತ್ತು. ಟ್ಯೂಬ್ ಇದ್ದಾಗ ಮಾತು ಬರುವುದಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು.

ಡಾಕ್ಟರಿಗೆ ಹೇಳಿದೆ. "ಬರೆದುಕೊಟ್ಟಿದ್ದಾರಾ?" ಅಂದರು. ಇರಲಿಲ್ಲ. ಮಗನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಒಂಬತ್ತನೇ ದಿನ ಹೋದರು. ಹೊರಗೆ ನಿಂತಿದ್ದ ನೆಂಟರೊಬ್ಬರು ಕೇಳಿದರು, "ಯಾವತ್ತೋ ಹೋಗಿಬಿಟ್ಟಿದ್ರಂತೆ, ಅಲ್ವಾ ಸಿಸ್ಟರ್?"

ಒಂಬತ್ತೂ ದಿನ ಅವರು ಬದುಕಿದ್ದರು. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಯಾರಾದರೂ ನನ್ನನ್ನು ಹೀಗೆ ಕೇಳಬಾರದೇ: "ನಮ್ಮಪ್ಪನಿಗೆ ಏನು ಬೇಕು ಅಂತ ಮೊದಲೇ ಬರೆದಿಡೋದು ಹೇಗೆ?" ದಾರಿ ಇದೆ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ಸುಲಭ ಮಾಡಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಆದೇಶ ಹೊರಡಿಸಿದೆ. ಇದು ಇಂಜೆಕ್ಷನ್ ಕೊಟ್ಟು ಸಾಯಿಸುವುದಲ್ಲ. ಗುಣವಾಗುವ ಆಸೆ ಇಲ್ಲ ಅಂತ ವೈದ್ಯರ ಎರಡು ಮಂಡಳಿಗಳು ಒಪ್ಪಿದ ಮೇಲಷ್ಟೇ ಯಂತ್ರ ತೆಗೆಯುವ ಮಾತು.

ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ನಮ್ಮ ಹಾಗೆಯೇ ನರ್ಸ್. 1973ರ ಹಲ್ಲೆಯಲ್ಲಿ ಮಿದುಳಿಗೆ ಪೆಟ್ಟಾಗಿ, 2015ರಲ್ಲಿ ಸಾಯುವ ತನಕ ಮುಂಬೈಯ ಕೆಇಎಂ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಬದುಕಿಸಿಡುವ ಚಿಕಿತ್ಸೆಯನ್ನು ನಿಲ್ಲಿಸಬಹುದೇ ಅನ್ನುವ ಪ್ರಶ್ನೆಗೆ 2011ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದ್ದು ಅವರ ಪ್ರಕರಣದಲ್ಲೇ. ಅವರಿಗೆ ಏನು ಬೇಕಿತ್ತು ಅಂತ ಅವರ ಬಾಯಿಂದ ಕೇಳಲು ಯಾರಿಗೂ ಆಗಲಿಲ್ಲ.

ಹೋದ ತಿಂಗಳು ಅಮ್ಮನನ್ನು ಕೇಳಿದೆ. ಅವರೆಕಾಯಿ ಸುಲಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಟ್ಯೂಬ್ ಗೀಬ್ ಬೇಡ ಕಣೇ," ಅಂದಳು. ಆಮೇಲೆ, "ಆದ್ರೆ ನಿನ್ನ ತಮ್ಮ ಬರೋವರೆಗೂ ಹೆಂಗಾದ್ರೂ ಇಟ್ಕೊಂಡಿರು." ಎರಡನ್ನೂ ಬರೆದುಕೊಂಡಿದ್ದೇನೆ.