ಸಾಫ್ಟ್‌ವೇರ್ ಬಿಟ್ಟರೂ ಪಟ್ಟಿ ನಮ್ಮದಾಗಿರಬೇಕು

ಗಂಗಾವತಿಯ ಖಾಸಗಿ ಶಾಲೆಯೊಂದರ ಗ್ರಂಥಾಲಯ ನೋಡಿಕೊಳ್ಳೋದು ನನ್ನ ಕೆಲಸ. ಕಪಾಟಿನಲ್ಲಿರುವುದರ ಜೊತೆಗೆ ಈಗ ಕಂಪ್ಯೂಟರಿನಲ್ಲೂ ಪುಸ್ತಕಗಳು ತುಂಬಿವೆ. ಇಂಟರ್ನೆಟ್ ಆರ್ಕೈವ್‌ನಿಂದ ಇಳಿಸಿದ ಹಳೆಯ ಕನ್ನಡ ಪುಸ್ತಕಗಳು, ಸ್ಟೋರಿವೀವರ್ ಅನ್ನೋ ಜಾಲತಾಣದ ಮಕ್ಕಳ ಚಿತ್ರಪುಸ್ತಕಗಳು, ಒಂದಷ್ಟು ಕಾಮಿಕ್ಸ್.

"ಫೋಲ್ಡರ್ ಮಾಡಿ ಇಟ್ರ ಸಾಕಲ್ರೀ ಮೇಡಂ" ಅಂದರು ನಮ್ಮ ಕಂಪ್ಯೂಟರ್ ಮೇಷ್ಟ್ರು. ಪುಸ್ತಕ ಕಡಿಮೆ ಇದ್ದರೆ ಸಾಕು. ಆದರೆ ಒಂದೇ ಕಥೆ ಲೇಖಕರ ಹೆಸರಿಗೂ ಸಿಗಬೇಕು, ನಾಲ್ಕನೇ ಕ್ಲಾಸಿನದು ಅಂದರೂ ಸಿಗಬೇಕು, ಪ್ರಾಣಿಗಳ ಕಥೆ ಅಂದರೂ ಸಿಗಬೇಕು. ಅಲ್ಲಿ ಫೋಲ್ಡರ್ ಕೈಕೊಡುತ್ತದೆ.

ಹಾಗಾಗಿ ಪುಸ್ತಕಗಳ ಪಟ್ಟಿ ಇಡುವ ಸಾಫ್ಟ್‌ವೇರ್ ಹುಡುಕಿದೆ. ಆಗ ನಾನು ಮೊದಲು ನೋಡಿದ್ದು ಒಂದೇ. ನಾಳೆ ಇದನ್ನು ಬಿಟ್ಟರೆ, ನಾನು ಕೂತು ಟೈಪ್ ಮಾಡಿದ ವಿವರವೆಲ್ಲ ನನ್ನ ಜೊತೆ ಬರುತ್ತಾ? ಸ್ಕ್ರೀನ್ ಚೆಂದ ಇದೆಯಾ ಅನ್ನೋದು ಆಮೇಲಿನ ಮಾತು.

ಪುಸ್ತಕಗಳಿಗೆ ಕ್ಯಾಲಿಬರ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಂಡೆವು. ಕೋವಿದ್ ಗೋಯಲ್ 2006ರಲ್ಲಿ ಶುರು ಮಾಡಿದ್ದು, ಪೂರ್ತಿ ಉಚಿತ. ಇದು ಪ್ರತಿ ಪುಸ್ತಕದ ಪಕ್ಕದಲ್ಲೇ ಓಪಿಎಫ್ ಅನ್ನೋ ಸಣ್ಣ ಫೈಲ್ ಇಡುತ್ತದೆ. ಹೆಸರು, ಲೇಖಕರು, ಟ್ಯಾಗ್ ಎಲ್ಲ ಅದರಲ್ಲಿ. ನೋಟ್‌ಪ್ಯಾಡಿನಲ್ಲೇ ತೆರೆದು ಓದಬಹುದು. ಒಂದು ಕಿರಿಕಿರಿ ಅಂದರೆ, ಸೇರಿಸಿದ ಪ್ರತಿ ಪುಸ್ತಕದ ಇನ್ನೊಂದು ಪ್ರತಿಯನ್ನು ತನ್ನ ಫೋಲ್ಡರಿನಲ್ಲಿ ಮಾಡಿಕೊಳ್ಳುತ್ತದೆ. ಹಾರ್ಡ್‌ಡಿಸ್ಕಿನಲ್ಲಿ ಜಾಗ ನೋಡಿಕೊಂಡೇ ಇಳಿಯಬೇಕು.

ಕನ್ನಡ ಪುಸ್ತಕ ಅಂದಮೇಲೆ ಸ್ವಲ್ಪ ರಿಪೇರಿ ಬೇಕೇ ಬೇಕು. ಲೇಖಕರನ್ನು ಅಕ್ಷರಕ್ರಮದಲ್ಲಿ ಜೋಡಿಸಲು ಕ್ಯಾಲಿಬರ್ ಹೆಸರಿನ ಕೊನೆಯ ಪದವನ್ನು ಮುಂದಕ್ಕೆ ತರುತ್ತದೆ. ನಮ್ಮ ಕಡೆ ಊರು, ಮನೆತನದ ಹೆಸರು ಒಬ್ಬೊಬ್ಬರಿಗೆ ಒಂದೊಂದು ಕಡೆ ಇರುತ್ತದಲ್ವಾ? ಕ್ಯಾಲಿಬರ್‌ನ ಸೆಟ್ಟಿಂಗ್‌ಗಳಲ್ಲಿ ಟ್ವೀಕ್ಸ್ ಅನ್ನೋ ಭಾಗವಿದೆ, ಅಲ್ಲಿ ಇದನ್ನು 'ಕಾಪಿ' ಅಂತ ಬದಲಾಯಿಸಿದರೆ ಹೆಸರು ಹೇಗಿದೆಯೋ ಹಾಗೇ ಉಳಿಯುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಪಿಡಿಎಫ್ ಇನ್ನೊಂದು ತಲೆನೋವು. ಕಣ್ಣಿಗೆ ಕನ್ನಡ, ಕಾಪಿ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಅದರೊಳಗೆ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗೋದಿಲ್ಲ. ಹಾಗಾಗಿ ಫೈಲಿಗೆ ಯೂನಿಕೋಡ್‌ನಲ್ಲಿ ಸರಿಯಾದ ಹೆಸರಿಟ್ಟು, ವಿವರವನ್ನು ಫೈಲಿನ ಒಳಗಿಂದ ತೆಗೆಯಬೇಡ, ಫೈಲಿನ ಹೆಸರಿನಿಂದ ತಗೋ ಅಂತ ಕ್ಯಾಲಿಬರ್‌ಗೆ ಹೇಳಿಟ್ಟಿದ್ದೇನೆ.

ಕಾಮಿಕ್ಸ್‌ಗೆ ಕೊಮ್ಗಾ ಅನ್ನೋ ಇನ್ನೊಂದು ಸಾಫ್ಟ್‌ವೇರ್. ಸರಣಿ, ಸಂಚಿಕೆ ಅಂತ ಜೋಡಿಸಿಟ್ಟು ಬ್ರೌಸರಿನಲ್ಲೇ ಓದಿಸುತ್ತದೆ. ಮಕ್ಕಳಿಗೆ ಇದೇ ಜಾಸ್ತಿ ಇಷ್ಟ. ಆದರೆ ಅದರಲ್ಲಿ ಕೂತು ವಿವರ ತಿದ್ದಿದರೆ ಅದು ಕೊಮ್ಗಾದ ಡೇಟಾಬೇಸಿನಲ್ಲೇ ಉಳಿಯುತ್ತದೆ, ಕಾಮಿಕ್ ಫೈಲಿಗೆ ಹೋಗುವುದಿಲ್ಲ. ಅದಕ್ಕೇ ಮೊದಲು ಕಾಮಿಕ್‌ಟ್ಯಾಗರ್ ಅನ್ನೋ ಬೇರೆ ಸಾಫ್ಟ್‌ವೇರಿನಲ್ಲಿ ವಿವರ ತುಂಬಿಸುತ್ತೇನೆ. ಅದು ಕಾಮಿಕ್‌ಇನ್ಫೋ ಅನ್ನೋ ಫೈಲಾಗಿ ಸಿಬಿಜೆಡ್ ಅನ್ನೋ ಕಾಮಿಕ್ ಫೈಲಿನ ಒಳಗೇ ಕೂರುತ್ತದೆ, ಕೊಮ್ಗಾ ಅಲ್ಲಿಂದ ಓದಿಕೊಳ್ಳುತ್ತದೆ. ಸಿಬಿಜೆಡ್ ಅಂದರೆ ಬರೀ ಜಿಪ್ ಫೈಲು, ಒಳಗೆ ಪುಟಗಳ ಚಿತ್ರ, ಅಷ್ಟೇ. ಕಾಮಿಕ್ಸ್‌ನ ಇನ್ನೊಂದು ಬಗೆಯ ಫೈಲು ಸಿಬಿಆರ್ ಹಾಗಲ್ಲ, ಅದು ರಾರ್ ಅನ್ನೋ ಬೇರೆ ರೀತಿಯ ಕಟ್ಟು. ಅದಕ್ಕೆ ವಿವರ ಸೇರಿಸೋದು ರಗಳೆ, ಮೊದಲು ಸಿಬಿಜೆಡ್ ಮಾಡಿಕೊಳ್ಳಬೇಕು. ನಮ್ಮಲ್ಲಿ ಅವು ಇನ್ನೂ ಒಂದು ರಾಶಿ ಇವೆ. ಬೇಸಿಗೆ ರಜೆಯಲ್ಲಿ ಮೇಷ್ಟ್ರನ್ನೂ ಕೂರಿಸಿಕೊಳ್ಳುತ್ತೇನೆ.