ಅಲ್ಲಿ ಯಾರಿಗೆ ಕಾಣ್ತದೆ?

ಮಂಗಳವಾರ ಒಬ್ಬ ಹುಡುಗ ಪಾಸ್‌ಪೋರ್ಟ್ ಜೆರಾಕ್ಸ್ ಮಾಡಿಸಿಕೊಂಡು ಹೋದ. ಅವನು ಆಡಿದ ಮಾತು ಇನ್ನೂ ನನ್ನ ಅಂಗಡಿಯಲ್ಲೇ ಇದೆ.

ಕುಂದಾಪುರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನಿಗೆ ದುಬೈಗೆ ಹೊರಟವರೇನೂ ಹೊಸಬರಲ್ಲ. ಇವನು ಎದುರಿನ ಹೋಟೆಲಿಗೆ ಸೇರಿ ಎರಡೇ ತಿಂಗಳಲ್ಲಿ ಬಿಟ್ಟವನು. ಹತ್ತನೇ ಕ್ಲಾಸ್ ಪಾಸಾಗಿಲ್ಲ, ಪಾಸ್‌ಪೋರ್ಟ್ ಇಸಿಆರ್. ಇಂಥವರು ಗಲ್ಫಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು, ಇಸಿಆರ್ ಅಂದರೆ ಅದೇ. ಏಜೆಂಟ್ ಅದರ ಸುದ್ದಿಯೇ ಎತ್ತಿಲ್ಲ. ವಿಸಿಟ್ ವೀಸಾದಲ್ಲಿ ಹೋಗು, ಆಮೇಲೆ ನೋಡುವ ಅಂದನಂತೆ. ಆಮೇಲೆ ನೋಡುವವನು ಇವನೇ, ಏಜೆಂಟ್ ಅಲ್ಲವಲ್ಲ. ಕ್ಲಿಯರೆನ್ಸ್ ಇಲ್ಲದೆ ಹೊರಡಬೇಡ ಅಂತ ಬೈದೆ.

"ಅಲ್ಲಿ ಏನು ಕೆಲಸ?"

"ಹೋಟೆಲಲ್ಲೇ ಅಣ್ಣ. ಕ್ಲೀನಿಂಗ್."

"ಅದನ್ನೇ ಇಲ್ಲಿ ಬಿಟ್ಟೆಯಲ್ಲ ಮಾರಾಯ?"

"ಇಲ್ಲಿ ಟೇಬಲ್ ಒರೆಸಿದ್ರೆ ಊರಿಡೀ ನೋಡ್ತದೆ. ಅಲ್ಲಿ ಒರೆಸಿದ್ರೆ ಯಾರಿಗೆ ಕಾಣ್ತದೆ?"

ನಾನು ಇಷ್ಟು ವರ್ಷ ಎಲ್ಲರಿಗೂ ದುಡ್ಡಿನ ಲೆಕ್ಕ ಹೇಳುತ್ತಿದ್ದೆ. ದುಬೈಯ ದುಡ್ಡು ದಿರ್ಹಮ್ಮನ್ನು 1997ರಿಂದ ಡಾಲರಿಗೆ ಕಟ್ಟಿಹಾಕಿದ್ದಾರೆ, ಡಾಲರಿಗೆ 3.6725. ಹಾಗಾಗಿ ರೂಪಾಯಿ ಬಿದ್ದಷ್ಟೂ ಮನೆಗೆ ಬರುವ ಹಣ ಜಾಸ್ತಿ. ಟಿವಿಯಲ್ಲಿ ರೂಪಾಯಿ ಕುಸಿತ ಅಂತ ಬಂದ ದಿನ ನಮ್ಮ ಪಕ್ಕದ ಮನೆಯಲ್ಲಿ ಮೀನು ದೊಡ್ಡದು! ಒಂದು ಕಾಲಕ್ಕೆ ದುಬೈಯಲ್ಲೂ ನಮ್ಮ ರೂಪಾಯಿಯೇ ನಡೆಯುತ್ತಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕ್ ಆ ಕಡೆಗೆಂದೇ ಬೇರೆ ನೋಟು ತಂದಿತ್ತು. 1966ರಲ್ಲಿ ರೂಪಾಯಿ ಬೆಲೆ ಇಳಿಸಿದ ಮೇಲೆ ದುಬೈಯವರು ಅದನ್ನು ಕೈಬಿಟ್ಟರು.

ಈ ಲೆಕ್ಕ ಸುಳ್ಳಲ್ಲ. ಆದರೆ ಊರಿನ ಕಣ್ಣು ಅದರಲ್ಲಿ ಎಲ್ಲೂ ಇರಲಿಲ್ಲ. ನಮ್ಮ ದೊಡ್ಡಪ್ಪ ಬೊಂಬಾಯಿ ಹೋಟೆಲಿನಲ್ಲಿ ಲೋಟ ತೊಳೆದದ್ದು ಅವರು ಗಲ್ಲೆಗೆ ಕೂತ ಮೇಲಷ್ಟೇ ನಮಗೆ ಗೊತ್ತಾದದ್ದು. ಅಷ್ಟು ವರ್ಷ ಊರಿಗೆ ಬರುತ್ತಿದ್ದದ್ದು ಬಿಳಿ ಅಂಗಿ, ಬಿಸ್ಕೆಟ್ ಡಬ್ಬ. ಹುಡುಗನ ಅಪ್ಪನೂ ಈಗಲೇ "ಮಗ ದುಬೈ ಹೋಟೆಲಲ್ಲಿ" ಅಂತ ಹೇಳಿಕೊಂಡು ತಿರುಗುತ್ತಿದ್ದಾರೆ. ಏನು ಕೆಲಸ ಅಂತ ಒಬ್ಬರೂ ಕೇಳಿಲ್ಲ. ಇದೇ ಅಪ್ಪ ಎದುರಿನ ಹೋಟೆಲಿಗೆ ಚಾ ಕುಡಿಯಲೂ ಬರುತ್ತಿರಲಿಲ್ಲ.

ನಿನ್ನೆ ನಾನು ಅಲ್ಲಿಗೆ ಹೋಗಿದ್ದೆ. ಟೇಬಲ್ ಒರೆಸಲು ಅಸ್ಸಾಮಿನ ಹುಡುಗ ಬಂದಿದ್ದಾನೆ. ಅಮ್ಮನ ವಿಡಿಯೋ ಕಾಲ್ ಬಂತು. ಅವನು ಬಟ್ಟೆಯನ್ನು ಬಕೆಟಿಗೆ ಹಾಕಿದ, ಕೈ ಒರೆಸಿಕೊಂಡ, ಗಲ್ಲೆಯ ಪಕ್ಕ ದೇವರ ಫೋಟೋ, ಬಣ್ಣದ ಲೈಟು ಕಾಣುವ ಹಾಗೆ ನಿಂತು ಫೋನ್ ಎತ್ತಿದ.