ಆ ಗೌನ್ ಹಾರುವುದು ಎಷ್ಟನೇ ನಿಮಿಷಕ್ಕೆ?

ಬಿಲ್ಲಿ ವೈಲ್ಡರ್ 1955ರಲ್ಲಿ ತೆರೆಗೆ ತಂದ ‘ದಿ ಸೆವೆನ್ ಇಯರ್ ಇಚ್’ ನನ್ನ ಮೆಚ್ಚಿನ ಚಿತ್ರವೆಂದು ಹೇಳಿದೊಡನೆ ಎಲ್ಲರೂ ಕೇಳುವುದು ಇದೊಂದನ್ನೇ: ಮರ್ಲಿನ್ ಮನ್ರೋಳ ಬಿಳಿ ಗೌನ್ ಹಾರುವ ದೃಶ್ಯ ಎಷ್ಟನೇ ನಿಮಿಷಕ್ಕೆ ಬರುತ್ತದೆ? ಗಡಿಯಾರ ಹಿಡಿದು ಸಿನಿಮಾ ನೋಡುವ ಅಭ್ಯಾಸ ನನಗಿಲ್ಲ. ಅಲ್ಲದೆ, ನೀವು ಗೋಡೆಗಳ ಮೇಲೆ ಕಂಡಿರುವ ಅಡಿಯಿಂದ ಮುಡಿಯವರೆಗಿನ ಆ ಭಂಗಿ ಚಿತ್ರದಲ್ಲಿ ಇಲ್ಲವೇ ಇಲ್ಲ. ಅದು ಪ್ರಚಾರದ ಫೋಟೋ. 1954ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ ನೆರೆದ ಜನರ ಗದ್ದಲದ ನಡುವೆ ಚಿತ್ರೀಕರಿಸಿದ ಆ ದೃಶ್ಯವನ್ನು ಸ್ಟುಡಿಯೋದಲ್ಲಿ ಮತ್ತೆ ತೆಗೆಯಬೇಕಾಯಿತು. ತೆರೆಯ ಮೇಲೆ ಕಾಣುವುದು ಒಮ್ಮೆ ಕಾಲು, ಒಮ್ಮೆ ಮುಖ, ಅಷ್ಟೇ. ಸಮಾಧಾನವಾಯಿತೇ?

ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು ಇದೇ ಪ್ರಶ್ನೆಯನ್ನು ದನಿ ತಗ್ಗಿಸಿ ಕೇಳಿದರು. ಪಕ್ಕದ ಎಲೆಗೆ ಕುಳಿತಿದ್ದ ಅವರ ಹೆಂಡತಿ ಕೇಳಿಸಿಯೂ ಕೇಳಿಸದವರಂತೆ ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತಿದ್ದರು. ಚಿತ್ರದ ನಾಯಕ ರಿಚರ್ಡ್ ಶರ್ಮನ್ ಥೇಟ್ ಇಂಥವನೇ ಎಂದು ಹೇಳಲು ಬಾಯಿ ತುದಿಗೆ ಬಂದಿತ್ತು. ಬೇಸಗೆಗೆಂದು ಹೆಂಡತಿ ಹೆಲೆನ್ ಮಗನೊಡನೆ ಮೇನ್ ರಾಜ್ಯಕ್ಕೆ ಹೋಗಿರುತ್ತಾಳೆ. ಮೇಲ್ಮಹಡಿಗೆ ಬಂದ ಹುಡುಗಿಯನ್ನು (ಇವಳೇ ಮನ್ರೋ) ಕಂಡು ಇವನು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಾನೆ. ಮೂಲ ನಾಟಕದಲ್ಲಿ ಇಬ್ಬರೂ ಕೂಡುತ್ತಾರೆ. ಹಾಲಿವುಡ್ಡಿನ ಸೆನ್ಸಾರ್ ನಿಯಮಗಳು ಅದಕ್ಕೆ ಒಪ್ಪಲಿಲ್ಲ. ಇದರಿಂದ ಚಿತ್ರ ಕೆಟ್ಟಿತೆಂಬುದು ವೈಲ್ಡರನ ಕೊರಗು. ನಾನು ಒಪ್ಪುವುದಿಲ್ಲ. ತಪ್ಪು ಮಾಡಿ ಅಂಜುವವನಿಗಿಂತ, ಏನನ್ನೂ ಮಾಡದೆಯೇ ಊರೆಲ್ಲ ತನ್ನನ್ನೇ ಆಡಿಕೊಳ್ಳುತ್ತಿದೆಯೆಂದು ಬೆವರುವ ಗಂಡ ನೂರು ಪಾಲು ಹೆಚ್ಚು ನಗಿಸುತ್ತಾನೆ.

ಆ ದಿನ ಪ್ರಶ್ನೆ ಕೇಳಬೇಕಾಗಿದ್ದವರು ಆ ಹೆಂಡತಿ. ಹೆಲೆನಳ ಕಥೆ ಏನಾಯಿತೆಂದು ಅವರು ಕೇಳಿದ್ದರೆ ನಾನು ತಂಬುಳಿ ಬರುವಷ್ಟರಲ್ಲಿ ಉತ್ತರ ಮುಗಿಸುತ್ತಿರಲಿಲ್ಲ. ಅವಳು ಟಾಮ್ ಮೆಕೆಂಜಿ ಎಂಬ ಪರಿಚಿತನೊಡನೆ ಸಲ್ಲಾಪದಲ್ಲಿದ್ದಾಳೆಂದು ಶರ್ಮನ್ ತಾನೇ ಕಲ್ಪಿಸಿಕೊಂಡು ಕುದಿಯುತ್ತಾನೆ. ಮಗ ಮರೆತುಹೋದ ದೋಣಿಯ ಹುಟ್ಟನ್ನು ಒಯ್ಯಲು ಬಂದ ಟಾಮ್‌ಗೆ ಸಿಗುವುದು ಗುದ್ದು. ಕೊನೆಗೆ ಶರ್ಮನ್ ಬೂಟು ಹಾಕಿಕೊಳ್ಳುವುದನ್ನೂ ಮರೆತು, ಆ ಹುಟ್ಟನ್ನು ಹಿಡಿದು ಮೇನ್‌ಗೆ ಓಡುತ್ತಾನೆ. ಬೂಟನ್ನು ಕಿಟಕಿಯಿಂದ ಎಸೆಯುವವಳು ಅದೇ ಹುಡುಗಿ. ಅವನನ್ನು ಕಂಡ ಹೆಲೆನ್ ಏನೆಂದಳೆಂಬುದನ್ನು ವೈಲ್ಡರ್ ತೋರಿಸುವುದಿಲ್ಲ, ತೋರಿಸಬೇಕಾಗಿತ್ತು.